ಬಲೆಯೊಳಗೆ ಕೂತ ಮಾವ

ಎಡಗಾಲು ಕೆಸರಿಗಿಳಿಯಿತು — ಮಾವನದಲ್ಲ, ಕುರ್ಚಿಯದು — ಮೊಣಕಾಲುದ್ದದ ನೀರಿನ ನಟ್ಟನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಪ್ಯಾಂಟು ಮಡಚಿ, ತೊಡೆಯ ಮೇಲೆ ಬ್ರೆಡ್ಡಿನ ಪೊಟ್ಟಣ ಇಟ್ಟುಕೊಂಡು ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದಾರೆ, ಮೀನು ಹಿಡಿಯೋದಾದ್ರೆ ನನ್ನನ್ನೂ ಸೇರಿಸಿ ಹಿಡಿ ಅಂತ, ಬಲೆಯ ತುದಿ ಹಿಡಿದು ನಿಂತವಳು ಯಾರು, ಸ್ವಂತ ಸೊಸೆ, ಈ ಕೆರೆಯ ಉಸ್ತುವಾರಿಗೆಂದೇ ಸಂಬಳ ಪಡೆಯುವವಳು, ಅತ್ತ ದರಿ ಇತ್ತ ಹುಲಿ ಅನ್ನುತ್ತಾರೆ, ಇಲ್ಲಿ ಅತ್ತ ಮೀನು ಇತ್ತ ಮಾವ, ಬಲೆಗಾರರು ನಾಲ್ವರೂ ಅವಳ ಮುಖ ನೋಡುತ್ತಿದ್ದಾರೆ, ಎಳೆಯೋದಾ ಬೇಡ್ವಾ ಮೇಡಂ, ಒಬ್ಬ ಬೆನ್ನು ತಿರುಗಿಸಿ ನಗುತ್ತಿದ್ದಾನೆ, ಭುಜ ಕುಲುಕುವುದು ಕಾಣುತ್ತದೆ, ನಗಲಿ ಪಾಪ — ಮನೆಯಲ್ಲಿ ಎಷ್ಟು ಹೇಳಿರಲಿಲ್ಲ, ಊಟದ ತಟ್ಟೆಯನ್ನೇ ಕೆರೆ ಮಾಡಿ, ಬಟಾಣಿಯನ್ನೇ ಮೀನು ಮಾಡಿ, ನೋಡಿ ಮಾವ, ಕೆರೆಗೆ ಆಳ ಇಲ್ಲ, ಮೀನು ಜಾಸ್ತಿ ಆಯ್ತು, ಇರೋ ಮೇವಲ್ಲಿ ಯಾವುದೂ ಬೆಳೆಯಲ್ಲ, ಸೆಕೆ ಬಂದ್ರೆ ಉಸಿರಿಗೆ ಸಾಲದೆ ಎಲ್ಲಾ ಹೊಟ್ಟೆ ಮೇಲಾಗಿ ತೇಲುತ್ತವೆ, ಅರ್ಧ ತೆಗೆದ್ರೆ ಇನ್ನರ್ಧ ಬದುಕುತ್ತೆ, ಮಾವ ತಾಳ್ಮೆಯಿಂದ ಕೇಳಿದರು, ಬಟಾಣಿಯನ್ನು ಒಂದೊಂದಾಗಿ ತಿಂದರು, ಸಾಲದಿದ್ರೆ ಇನ್ನೊಂದು ಪೊಟ್ಟಣ ಬ್ರೆಡ್ ತಗೊಂಡು ಹೋಗ್ತೀನಿ ಬಿಡಮ್ಮ ಅಂದರು, ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ, ಹೋದ ವರ್ಷ ಮರಿ ತಿನ್ನಲೆಂದು ದೊಡ್ಡ ಬೇಟೆಮೀನು ತಂದು ಬಿಡಿಸಿದ್ದಳು, ಮಾವ ಅವಕ್ಕೂ ಬ್ರೆಡ್ಡಿನ ರುಚಿ ಹತ್ತಿಸಿದರು, ಈಗ ಅವು ಬೇಟೆ ಮರೆತು ಕೊಬ್ಬಿ ದಡದ ನೆರಳಲ್ಲಿ ಬಿದ್ದಿರುತ್ತವೆ, ಪಿಂಚಣಿ ಬರುವವರ ಹಾಗೆ — ಗಂಡನಿಗೆ ಫೋನು ಮಾಡಿದರೆ ಅಪ್ಪನಿಗೆ ಏನೂ ಅನ್ಬೇಡ ಅಂದ, ಹಾಗಂತ ಕೆಲ್ಸಾನೂ ನಿಲ್ಲಿಸ್ಬೇಡ ಅಂದ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವವರ ಪೈಕಿ, ಮೀಟಿಂಗ್ ಇದೆ ಅಂತ ಇಟ್ಟೇಬಿಟ್ಟ, ಎಳೀರಿ, ಅಂದವಳು ತಾನೇನಾ, ತಾನೇ, ಎಳೀರಿ, ಮಾವ ಒಳಗೇ ಇರಲಿ.

ಬಲೆ ಮೆಲ್ಲಗೆ ಕೂಡಿಬರುತ್ತಿದೆ, ಮಾವ ತಿರುಗಿಯೂ ನೋಡುವುದಿಲ್ಲ, ಬ್ರೆಡ್ ಮುರಿದು ಹಾಕುತ್ತಾ ಏನೋ ಮಾತಾಡುತ್ತಿದ್ದಾರೆ, ಮೀನಿನ ಜೊತೆ, ಮನೆಯಲ್ಲಿ ಇಷ್ಟು ಮಾತಾಡಿದ್ದನ್ನು ಅವಳು ಕಂಡಿಲ್ಲ, ಅವರು ಒಳಗೆ ಬಂದರೆ ಯಾರು ತಲೆ ಎತ್ತುತ್ತಾರೆ, ಮಗ ಟೀವಿಯಿಂದ ಎತ್ತುವುದಿಲ್ಲ, ಮೊಮ್ಮಗಳು ಫೋನಿನಿಂದ ಎತ್ತುವುದಿಲ್ಲ, ತಾನು — ತಾನೂ ಅಷ್ಟೇ, ಒಗ್ಗರಣೆ ಸೀಯುತ್ತದೆ ಅಂತ — ಇಲ್ಲಿ ದಡಕ್ಕೆ ಕಾಲಿಟ್ಟರೆ ಸಾಕು, ಕೆರೆಗೆ ಕೆರೆಯೇ ಎದ್ದು ಓಡಿಬರುತ್ತದೆ, ಯಾರು ಬಿಟ್ಟಾರು, ಅಯ್ಯೋ, ನೀರು ಕುದಿಯತೊಡಗಿತು, ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಮೀನು, ಒಂದರ ಮೇಲೊಂದು ನೆಗೆದು ಮಾವನ ತೊಡೆಗೆ, ಅಂಗಿಯ ಜೇಬಿಗೆ, ಒಂದು ನೇರವಾಗಿ ಬ್ರೆಡ್ಡಿನ ಪೊಟ್ಟಣಕ್ಕೇ, ಕುರ್ಚಿಯ ಇನ್ನೊಂದು ಕಾಲೂ ಇಳಿಯಿತು, ಮಾವ ಗಂಭೀರವಾಗಿ, ಅಷ್ಟೇ ಗಂಭೀರವಾಗಿ, ಹಿಂದಕ್ಕೆ ವಾಲಿ ನೀರಲ್ಲಿ ಕೂತರು, ಎದೆಮಟ್ಟ ಮೀನು, ಅವಳು ಓಡಿದಳು, ಒಂದು ಬೂಟು ಕೆಸರಲ್ಲೇ ಉಳಿಯಿತು, ಮಾವ ಏಳಿ ಮಾವ, ಸೊಂಟ ಉಳುಕಿತಾ, ಅವರು ಏಳುವುದಿಲ್ಲ, ಜೇಬಿನಿಂದ ಒಂದನ್ನು ತೆಗೆದು ಅಂಗೈಯಲ್ಲಿಟ್ಟು ನೋಡುತ್ತಿದ್ದಾರೆ, ಹೆಬ್ಬೆರಳಿನಷ್ಟು ಮೈ, ಅದಕ್ಕೆ ಸಲ್ಲದಷ್ಟು ದೊಡ್ಡ ತಲೆ, ದೊಡ್ಡ ಕಣ್ಣು, ಇದು ಮರಿ ತಾನೇ ಅಂತ ಕೇಳಿದರು, ಸುಳ್ಳು ಹೇಳಬಹುದಿತ್ತು, ಇಲ್ಲ ಮಾವ, ವಯಸ್ಸಾಗಿದೆ ಇದಕ್ಕೆ, ಬೆಳೆಯೋಕೆ ಆಗ್ಲಿಲ್ಲ ಅಷ್ಟೇ.

ನಾನು ದಿನಾ ಹಾಕ್ತಿದ್ದೆನಲ್ಲಮ್ಮ.

ಹಾಕಿದ್ರಿ ಮಾವ, ಅದಕ್ಕೇ ಇಷ್ಟೊಂದು ಹುಟ್ಟಿದ್ದು — ಅಂದಮೇಲೆ ನಾಲಿಗೆ ಕಚ್ಚಿಕೊಂಡಳು, ಮಾವ ಅವಳ ಭುಜ ಹಿಡಿದು ಎದ್ದು ನಿಂತರು, ಪ್ಯಾಂಟಿನಿಂದ ನೀರು ಸುರಿಸಿಕೊಂಡು, ಆ ಬಕೆಟ್ ಇತ್ತ ಕೊಡಿ ಅಂದರು, ಬಲೆಗಾರ ನಗು ಮರೆತು ಕೊಟ್ಟ, ಮಾವ ತಾವೇ ಮೀನು ಮೊಗೆಯುತ್ತಿದ್ದಾರೆ, ದಡದಲ್ಲಿ ಲಾರಿ, ಲಾರಿ ಹೋಗುವುದು ಕೋಳಿಮೇವಿನ ಗಿರಣಿಗೆ, ಅದನ್ನೂ ಕೇಳಿ ತಿಳಿದುಕೊಂಡರು, ತಲೆಯಾಡಿಸಿದರು, ಮತ್ತೆ ಮೊಗೆದರು, ಗೆದ್ದೆ ಅಂದುಕೊಂಡಳು, ರಾತ್ರಿ ಗಂಡನಿಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಜೋಡಿಸತೊಡಗಿದಳು, ಕುರ್ಚಿ ವಾಲಿದ್ದನ್ನು ನಟಿಸಿಯೇ ತೋರಿಸಬೇಕು, ಅಷ್ಟರಲ್ಲಿ ಮಾವ ಕೈ ನಿಲ್ಲಿಸಿದರು, ಒಂದೊಂದು ಅಂಗೈಯಲ್ಲಿ ಒಂದೊಂದು ಮೀನು, ಅವಳ ಮುಂದೆ ಚಾಚಿ, ಜಗಳವಿಲ್ಲ, ಕುಹಕವಿಲ್ಲ, ಕಲಿಯಬಂದವರ ಹಾಗೆ, ಅರ್ಧ ಅಂದ್ಯಲ್ಲಮ್ಮ, ಇವೆರಡರಲ್ಲಿ ಯಾವ್ದು ಹೋಗ್ಬೇಕು, ಯಾವ್ದು ಇರ್ಬೇಕು, ನೀನೇ ಹೇಳು — ಹೇಳಬಹುದು, ಯಾವುದಾದರೂ ಆಗುತ್ತೆ ಮಾವ ಅನ್ನಬಹುದು, ನಿಜವೂ ಅದೇ, ಅರ್ಧ ಅನ್ನುವುದು ಎಷ್ಟು ಸಲೀಸಾದ ಮಾತು, ಅರ್ಧಕ್ಕೆ ಮುಖ ಇರುವುದಿಲ್ಲ, ಇವಕ್ಕಿದೆ, ಬಲಗೈಯದು ಬಾಯಿ ತೆರೆಯಿತು, ಎಡಗೈಯದು ಮುಚ್ಚಿತು, ಎರಡೂ ಒಂದೇ ಥರ, ಬಲಗೈಯದು ಮುಚ್ಚಿತು, ಬೇಗ ಹೇಳಬೇಕು, ನೀರಿಲ್ಲದೆ ಎಷ್ಟು ಹೊತ್ತು, ಎಡಗೈಯದು ತೆರೆಯಿತು, ಮಾವ ಕಾಯುತ್ತಿದ್ದಾರೆ, ಬಾಯಿ ತೆರೆದಳು ಅವಳೂ, ಮುಚ್ಚಿದಳು, ಬಲಗೈಯದು ತೆರೆಯಿತು —