ಮೆಟ್ಟಿಲ ಕೆಳಗಿನ ಬಾಟಲಿ

ಚಂದ್ರಪ್ರಭಾ ಚಪ್ಪಲಿ ಕಪಾಟಿನೊಳಗೆ ಕೈ ಹಾಕಿ ಗಂಡನ ಬೂಟುಗಳನ್ನು ಹೊರಗೆಳೆಯುತ್ತಿದ್ದಳು. ಅವುಗಳ ಹಿಂದಿದ್ದ ವೈನ್ ಬಾಟಲಿ ಬೆರಳಿಗೆ ತಗುಲಿತು.

“ಅಮ್ಮಾ, ಲೆದರ್ ಶೂಸ್ ಅಪ್ಪನ ಪೆಟ್ಟಿಗೆಯೊಳಗೆ ಇಡೋ ಹಾಗಿಲ್ವಂತೆ, ಸರಿಯಾಗಿ ಸುಡಲ್ಲ. ಗ್ಲಾಸ್ ಕೂಡ ನಾಟ್ ಅಲೌಡ್,” ಎಂದಳು ಮಗಳು ಪ್ರಣತಿ. “ಟ್ಯಾಕ್ಸಿ ಬಂತು.”

ಬೂಟು ಅಲ್ಲೇ ಉಳಿಯಿತು. ಬಾಟಲಿಯನ್ನು ಅವಳು ಬ್ಯಾಗಿಗೆ ಹಾಕಿಕೊಂಡಳು, ಗಂಗಾಜಲದ ತಂಬಿಗೆಯ ಪಕ್ಕಕ್ಕೇ.

*

ಗಂಡ ರಮಾಕಾಂತ ಟೋಕಿಯೋದ ವಿಶ್ವವಿದ್ಯಾಲಯವೊಂದರಲ್ಲಿ ಫ್ರಾನ್ಸಿನ ಚರಿತ್ರೆ ಕಲಿಸುತ್ತಿದ್ದ. ಬದುಕೆಲ್ಲ ಅಲ್ಲಿನ ಒಂದೇ ಊರಿನ ಧ್ಯಾನ: ಸಾಂಸೇರ್. ಗುಡ್ಡದ ನೆತ್ತಿಯ ಮೇಲೆ ಹಳೇ ಕೋಟೆಯೂರು, ಕೆಳಗೆಲ್ಲ ದ್ರಾಕ್ಷಿತೋಟ. ಸೊಪ್ಪಿನ ದರ ಕೇಳಿದರೂ ಅವನ ಮಾತು ಆ ದ್ರಾಕ್ಷಿಯಲ್ಲೇ ಮುಗಿಯುತ್ತಿತ್ತು. ಅಲ್ಲಿಂದ ಮೊದಲ ಸಲ ಮರಳಿದಾಗ ಈ ಬಾಟಲಿ ತಂದಿದ್ದ.

“ಒಂದೇ ಗುಟುಕು, ಪ್ರಭಾ. ಆ ಊರನ್ನ ನಿಂಗೆ ಬೇರೆ ಹೇಗೆ ತೋರಿಸ್ಲಿ?”

“ದೇವರಿರೋ ಮನೇಲಿ ಅದನ್ನ ಇಡ್ಬೇಡಿ.”

ಬಾಗಿಲ ಒಳಗೆ, ಚಪ್ಪಲಿ ಬಿಡುವ ತಗ್ಗು ಜಾಗದತ್ತ ಅವನು ಕೈ ತೋರಿಸಿದ. “ಇಲ್ಲಿನವರ ಲೆಕ್ಕದಲ್ಲಿ ಮೆಟ್ಟಿಲ ಕೆಳಗೆ ಅಂದ್ರೆ ಹೊರಗೇ. ಹಿಂದೊಮ್ಮೆ ಶತ್ರುಗಳ ಮುತ್ತಿಗೆ ಬಿದ್ದಾಗ ಆ ಊರಿನವರು ಹಸಿವಿಗೆ ಬೂಟು ಬೇಯಿಸಿ ತಿಂದಿದ್ರಂತೆ. ಅವರ ವೈನ್‌ಗೆ ಬೂಟಿನ ಪಕ್ಕ ಏನೂ ಬೇಜಾರಿಲ್ಲ. ನೀನು ಹೂಂ ಅಂದ ದಿನ ಇಬ್ರೂ ಕುಡಿಯೋಣ.”

ಅವಳು ಹೂಂ ಅನ್ನಲಿಲ್ಲ. ಆ ಊರು ನೋಡಲು ಕರೆದಾಗಲೂ ಅಷ್ಟೇ. ಪ್ರಣತಿಗೆ ಪರೀಕ್ಷೆ, ಬರುವ ವರ್ಷ ನೋಡೋಣ ಎನ್ನುತ್ತಲೇ ಬಂದಳು. ಕೊನೆಗೆ ಒಪ್ಪಿದ ವಸಂತದಲ್ಲಿ ಕೊರೊನಾ ಬಂದು ವಿಮಾನಗಳು ನಿಂತವು. ನಾಳೆ ಎಂದವನ ಮನೆ ಹಾಳು ಎಂದು ಮಗಳಿಗೆ ದಿನಾ ಹೇಳಿದವಳೂ ಅವಳೇ.

*

ಕಾವಾಸಾಕಿಯ ಚಿತಾಗಾರದಲ್ಲಿ ಕುರ್ಚಿಗಳನ್ನು ದೂರ ದೂರ ಹಾಕಿದ್ದರು. ಕೊರೊನಾ ಅಲ್ಲ, ಹೃದಯಾಘಾತದ ಸಾವಾದ್ದರಿಂದ ರಮಾಕಾಂತನ ಪೆಟ್ಟಿಗೆ ತೆರೆದಿತ್ತು. ಮೈಸೂರಿನಿಂದ ಬರಲಾಗದ ಮೈದುನ ಶ್ರೀನಾಥ ಪ್ರಣತಿಯ ಫೋನಿನಲ್ಲಿ ನೋಡುತ್ತಿದ್ದ. ಕೊನೆಗೆ ಹತ್ತಿಯಿಂದ ತೀರಿಕೊಂಡವರ ತುಟಿ ಒದ್ದೆ ಮಾಡುವುದು ಇಲ್ಲಿನ ಪದ್ಧತಿ. ರಮಾಕಾಂತನ ಸಹೋದ್ಯೋಗಿ ಇಶಿದಾ ಸಾನ್ ಮೆಲ್ಲಗೆ ಏನೋ ಹೇಳಿದರು.

“ನೀರೇ ಆಗ್ಬೇಕು ಅಂತಿಲ್ವಂತೆ ಅಮ್ಮಾ,” ಎಂದಳು ಪ್ರಣತಿ. “ಅಪ್ಪಂಗೆ ಇಷ್ಟ ಆಗಿದ್ದು ಏನಾದ್ರೂ ಓಕೆ.”

ಚಂದ್ರಪ್ರಭಾ ಬಾಟಲಿಯನ್ನು ಅವರ ಕೈಗಿತ್ತಳು. ಇಶಿದಾ ಸಾನ್ ಒಳಗಿನ ಕೋಣೆಗೆ ಹೋಗಿ ಮುಚ್ಚಳ ತೆಗೆಸಿ, ಲೋಟಕ್ಕೆ ಸ್ವಲ್ಪ ಬಗ್ಗಿಸಿಕೊಂಡು ಬಂದರು. ಬಣ್ಣ ಕಷಾಯದಂತೆ ಕಂದಿತ್ತು.

“ಸುಮಿಮಾಸೆನ್,” ಎಂದು ಅವರು ಕ್ಷಮೆ ಕೇಳುತ್ತ ತಲೆ ತಗ್ಗಿಸಿ ಮಾತಾಡಿದರು. ಪ್ರಣತಿಯ ಧ್ವನಿ ಸಣ್ಣಗಾಯಿತು. “ವೈಟ್ ವೈನ್ ಅಂತೆ. ಬೇಗ ಕುಡೀಬೇಕಿತ್ತು. ಕೆಟ್ಟೋಗಿದೆ.”

“ಅಪ್ಪಂಗೆ ಗೊತ್ತಿತ್ತಾ, ಕೇಳು.”

ಕೇಳಬೇಕಾಗಲಿಲ್ಲ. ಇಶಿದಾ ಸಾನ್ ಮುಖ ನೋಡಿಯೇ ಅವಳಿಗೆ ತಿಳಿಯಿತು. ಕೆಡುತ್ತಿದೆ ಎಂದು ಗೊತ್ತಿದ್ದೂ ಅವನು ಒಂದು ದಿನವೂ ಅವಸರ ಮಾಡಿರಲಿಲ್ಲ. ಬೈದಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ.

“ಅತ್ತಿಗೆ, ಗಂಗಾಜಲ ಇತ್ತಲ್ಲ? ಅದೇನು ಕೈಯಲ್ಲಿ?” ಎಂದ ಶ್ರೀನಾಥ.

“ನಿಮ್ಮಣ್ಣನ ಊರಿನ ನೀರು.”

ಹತ್ತಿ ಅದ್ದಿ ಗಂಡನ ತುಟಿಗೆ ಒತ್ತಿದಳು. ಆಮೇಲೆ ಮಾಸ್ಕನ್ನು ಗದ್ದಕ್ಕೆ ಇಳಿಸಿ ಲೋಟದಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಂಡಳು. ಮುಖ ಕಿವುಚುವಷ್ಟು ಹುಳಿ. ಉಗುಳಲೆಂದು ಮಗಳು ಟಿಶ್ಯೂ ಚಾಚಿದಳು. ಬೇಡವೆಂದು ತಲೆಯಾಡಿಸಿ ನುಂಗಿದಳು.

“ಹೂಂ ರೀ,” ಎಂದಳು ಪೆಟ್ಟಿಗೆಯತ್ತ ಬಾಗಿ.

ಅವನ ತುಟಿ ಇನ್ನೂ ಒದ್ದೆಯಾಗಿತ್ತು.