ನಾನೂರು ಮಂದಿಯ ನಾಣ್ಯ

ಮುಂಬೈಯಲ್ಲಿ ದುಡಿಯುವ ವಿಜಾಪುರದ ಕಡೆಯವರು ಊರಿಗೆ ಹಣ ಕಳಿಸಲೆಂದು ನಾನೂ ಗೆಳತಿ ಶೀತಲ್‌ಳೂ ಒಂದು ಕ್ರಿಪ್ಟೋ ನಾಣ್ಯ ಹುಟ್ಟುಹಾಕಿ ಎರಡು ವರ್ಷವಾಗಿತ್ತು. ನಾನೂರು ಮಂದಿ ಖಾತೆ ತೆರೆದಿದ್ದರು. ದಿನಕ್ಕೆ ನೂರಕ್ಕೂ ಹೆಚ್ಚು ವ್ಯವಹಾರ ನಡೆಯುತ್ತಿದ್ದುದರಿಂದ ನಾಣ್ಯ ಬದುಕಿದೆ ಎಂದೇ ನಂಬಿದ್ದೆ.

ಆ ಮಧ್ಯಾಹ್ನ ವಿಕ್ರೋಳಿಯ ಆಫೀಸಿನಲ್ಲಿ ಶೀತಲ್ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು.

“ಫಿರೋಜ, ಇಲ್ಲಿ ನೋಡ್. ನೂರಕ್ಕ ತೊಂಬತ್ತು ಒಂದೇ ವಾಲೆಟ್‌ನಿಂದ ಬರ್ತದ. ಬಾಕಿ ಎಲ್ಲಾ ಮಲಗ್ಯಾವ. ಇವತ್ತ ಸಂಜಿಕ್ಕ ನಾಣ್ಯಾನ ಬಂದ್ ಮಾಡಿಬಿಡೂಣು.”

ಆ ವಾಲೆಟ್‌ಗೆ, ಅಂದರೆ ನಾಣ್ಯ ಇಡುವ ಆ ಖಾತೆಗೆ, ಹೆಸರಿರಲಿಲ್ಲ. ದಿನಕ್ಕೆ ಐದು ಸಲ ಅದು ಇಪ್ಪತ್ತು ಮೂವತ್ತು ಖಾತೆಗಳಿಗೆ ಒಂದೊಂದು ನಾಣ್ಯ ಕಳಿಸುತ್ತಿತ್ತು. ಆ ಹೊತ್ತುಗಳು ಬಿಸಿಲುಗಾಲ ಚಳಿಗಾಲಕ್ಕೆ ತಕ್ಕಂತೆ ಸ್ವಲ್ಪ ಸ್ವಲ್ಪವೇ ಸರಿದಿದ್ದವು. ಅವು ನಮಾಜಿನ ಹೊತ್ತುಗಳು. ಎದ್ದು ನೇರ ಮನೆಗೆ ಹೊರಟೆ.

ಚೆಂಬೂರಿನ ನಮ್ಮ ಒಂದೇ ಕೋಣೆಯ ಖೋಲಿಯಲ್ಲಿ ಅಮ್ಮೀ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಫೋನ್ ಕೈಗೆತ್ತಿಕೊಂಡಿದ್ದಳು.

“ಯಾರಿಗೆ ಕಳಸ್ತೀ ಅಮ್ಮೀ?”

“ಯಾರಿಗರ ಏನ್? ಬಳಸೋರ ಇಲ್ಲಂದ್ರ ನಾಣ್ಯ ಸಾಯ್ತದ ಅಂತ ನೀನೇ ಅಂದಿದ್ದಿ. ದುವಾ ಬೇಡೂದರ ಜೋಡಿ ಇದೂ ಒಂದು.” ನಕ್ಕಳು. “ಈಗ ಮಂದಿ ಭಾಳ ಆಗ್ಯಾರಲ್ಲಾ?”

ಭಾಳ ಆಗ್ಯಾರ ಎನ್ನಲು ಬಾಯಿ ತೆರೆದೆ. ಕಣ್ಣು ಅವಳ ಫೋನಿನತ್ತ ಹೋಯಿತು. ನನ್ನ ಮುಖ ನೋಡುತ್ತ ನೋಡುತ್ತ ಅವಳ ನಗೆ ಇಳಿಯಿತು.

“ನಾ ಒಬ್ಬಾಕಿನೇ ಏನು?”

ಹೌದೆಂದು ತಲೆಯಾಡಿಸಿದೆ. ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡಳು.

“ನಾ ಇನ್ನೂ ಜಾಸ್ತಿ ಕಳಸಬೇಕಿತ್ತೇನೋ ಬೇಟಾ,” ಎಂದಳು.