ಜೋಡು ತಪ್ಪಿದ ಉಸಿರು

ನಾನು ಉಸಿರಿನ ಬಲ ಅಳೆಯುವ ಒಂದು ಕೊಳವೆ. ನೋಡಲು ಪೀಪಿಯ ಹಾಗಿದ್ದೇನೆ, ಆದರೆ ಊದಿದರೆ ದನಿ ಬರುವುದಿಲ್ಲ. ಬೆನ್ನ ಮೇಲಿನ ಕೆಂಪು ಮುಳ್ಳು ಮುಂದಕ್ಕೆ ಓಡುತ್ತದೆ, ಅಷ್ಟೇ. ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ನನ್ನನ್ನು ಅಚ್ಚು ಹಾಕಿ, ಹೊಟ್ಟೆಯಲ್ಲಿ ಸ್ಪ್ರಿಂಗ್ ಇಟ್ಟು, ಮೈಮೇಲೆ ಅಂಕಿ ಬರೆದು ಕಳಿಸಿದರು. ಮೊದಲು ಹುಬ್ಬಳ್ಳಿಯ ಡಾಕ್ಟರೊಬ್ಬರ ಮೇಜಿನ ಮೇಲೆ ಆರಾಮಾಗಿದ್ದೆ. ಅವರು ದವಾಖಾನೆ ಮುಚ್ಚುವಾಗ ನನ್ನನ್ನು ನೀಲಾಂಬಿಕೆ ಎಂಬ ವಿದ್ಯಾರ್ಥಿನಿಗೆ ಕೊಟ್ಟರು. ಅವಳು ತನ್ನ ಓದಿನ ಕೆಲಸಕ್ಕೆಂದು ಬ್ಯಾಡಗಿಗೆ ತಂದಳು.

ಇಲ್ಲಿ ಗಾಳಿಯೂ ಖಾರ. ಗುರುಶಾಂತಪ್ಪನವರ ಗೋದಾಮಿನಲ್ಲಿ ಹೆಂಗಸರು ಸಾಲಾಗಿ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಅವರಲ್ಲಿ ದ್ಯಾಮವ್ವನ ಕೆಮ್ಮು ಎಲ್ಲರಿಗಿಂತ ಮೊದಲು ಶುರುವಾಗಿ ಎಲ್ಲರಿಗಿಂತ ಕೊನೆಗೆ ನಿಲ್ಲುತ್ತಿತ್ತು. ಹೀಗೇ ದೂಳು ಕುಡಿದರೆ ಕೆಲಸ ಬಿಡಬೇಕಾದೀತು ಎಂದು ಊರಿನ ಡಾಕ್ಟರು ಹೇಳಿದ್ದರು. ಅವಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ನೀಲಾ ಕಾಡಿ ಬೇಡಿ, ದೂಳೆಳೆಯುವ ದೊಡ್ಡ ಫ್ಯಾನೊಂದನ್ನು ಪರೀಕ್ಷೆಗೆಂದು ಹಾಕಿಸಿದಳು. ಪ್ರಯೋಜನ ಕಂಡರೆ ಇರಲಿ, ಇಲ್ಲದಿದ್ದರೆ ಅಂಗಡಿಗೆ ವಾಪಸ್ ಎಂಬುದು ಮಾಲೀಕರ ಮಾತು.

ಫ್ಯಾನ್ ಬರುವ ಮೊದಲು ಇಪ್ಪತ್ತನಾಲ್ಕು ಹೆಂಗಸರು ನನ್ನನ್ನು ಊದಿದರು. ತಿಂಗಳಾದ ಮೇಲೆ ಅವರೇ ಮತ್ತೆ ಊದಿದರು. ಹರೆಯದವರು ಊದಿದರೆ ನನ್ನ ಮುಳ್ಳು ನಾನೂರು ದಾಟುತ್ತಿತ್ತು. ದ್ಯಾಮವ್ವ ಊದಿದರೆ ಇನ್ನೂರರ ಹತ್ತಿರವೇ ಸುಸ್ತಾಗಿ ನಿಲ್ಲುತ್ತಿತ್ತು.

ನೀಲಾ ಮೊದಲಿನ ಅಂಕಿಗಳನ್ನು ಒಂದು ಗುಡ್ಡೆ, ಆಮೇಲಿನವನ್ನು ಇನ್ನೊಂದು ಗುಡ್ಡೆ ಮಾಡಿ ಸರಾಸರಿ ಹೋಲಿಸಿದಳು. ಹದಿನೆಂಟು ಏರಿತ್ತು. ಆದರೆ ಬರೀ ಸರಾಸರಿಯನ್ನು ನೆಚ್ಚುವಂತಿಲ್ಲ; ನಿಜವಾದ ಏರಿಕೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂದು ಎರಡು ತುದಿ ಹೇಳಬೇಕು. ಅದಕ್ಕೆ ವಿಶ್ವಾಸಾಂತರ ಎನ್ನುತ್ತಾರಂತೆ. ಅವಳ ಲೆಕ್ಕದಲ್ಲಿ ಅದು ಇಪ್ಪತ್ತಮೂರರ ಇಳಿಕೆಯಿಂದ ಐವತ್ತೊಂಬತ್ತರ ಏರಿಕೆಯವರೆಗೆ ಕಾಲು ಚಾಚಿ ಮಲಗಿತ್ತು. ಸೊನ್ನೆಯೂ ಅದರೊಳಗೇ ಇತ್ತು.

“ಅಂದ್ರ ಫ್ಯಾನಿಂದ ಏನೂ ಆಗಿರ್ಲಿಕ್ಕೂ ಇಲ್ಲ,” ಎಂದರು ಗುರುಶಾಂತಪ್ಪ. “ನಾಳೆ ಬಿಚ್ಚಸ್ತೀನಿ ತಂಗಿ. ಬ್ಯಾಸರ ಮಾಡ್ಕೋಬ್ಯಾಡ.”

ನನಗೆ ಸಂಕಟವಾಯಿತು. ದ್ಯಾಮವ್ವನ ಉಸಿರು ಏರಿದ್ದನ್ನು ನಾನು ಬಲ್ಲೆ. ನನಗೂ ಬಾಯಿದೆ, ಆದರೆ ಅದು ಊದಿಸಿಕೊಳ್ಳುವ ಬಾಯಿ.

ನೀಲಾ ನನ್ನನ್ನು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದಳು. ಅಲ್ಲಿ ರಾಶಿ ಬಿದ್ದಿದ್ದ ಚಪ್ಪಲಿಗಳಲ್ಲಿ ನೋಡದೆಯೇ ಕಾಲು ತೂರಿಸಿ ಹೊರಟಳು.

“ಏ ತಂಗಿ, ಜೋಡು ತಪ್ಪೈತಿ ನೋಡು,” ಎಂದು ದ್ಯಾಮವ್ವ ನಕ್ಕಳು. “ಒಂದು ನಂದು, ಒಂದು ನಿಂದು. ಹಿಂಗ ಎಲ್ಲಿಗೆ ಹೊಂಟಿ?”

ನಮ್ಮ ಕಡೆ ಜೋಡು ಎಂದರೆ ಚಪ್ಪಲಿಯೂ ಹೌದು, ಜೊತೆಯೂ ಹೌದು. ನೀಲಾ ಕಾಲು ನೋಡಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. “ಯವ್ವಾ, ಲೆಕ್ಕದಾಗೂ ಜೋಡು ತಪ್ಪಿಸೀನಿ,” ಎಂದಳು. ಊದಿದವರು ಎರಡು ಸಲವೂ ಅವರೇ. ಅವಳು ಮಾತ್ರ ಅವರನ್ನು ಸಂಬಂಧವಿಲ್ಲದ ಎರಡು ಗುಂಪಿನಂತೆ ಎಣಿಸಿದ್ದಳು.

ಅಲ್ಲೇ ಕೂತು ಒಬ್ಬೊಬ್ಬಳ ಹೊಸ ಅಂಕಿಯನ್ನು ಅವಳದೇ ಹಳೆಯ ಅಂಕಿಯ ಜೊತೆ ಜೋಡಿ ಮಾಡಿ, ಎಷ್ಟು ಏರಿತೆಂದು ನೋಡಿದಳು. ಗಟ್ಟಿ ಎದೆಯವಳು ತನ್ನೊಂದಿಗೆ, ಬಡಪಾಯಿ ತನ್ನೊಂದಿಗೆ ಹೋಲಿಕೆಯಾದಾಗ, ಅವಳಿಗೂ ಇವಳಿಗೂ ಇದ್ದ ದೊಡ್ಡ ವ್ಯತ್ಯಾಸ ಲೆಕ್ಕದಿಂದ ಜಾರಿಹೋಯಿತು. ಸರಾಸರಿ ಅದೇ ಹದಿನೆಂಟು. ಅಂತರ ಮಾತ್ರ ಕಾಲು ಮಡಚಿಕೊಂಡು ಹತ್ತರಿಂದ ಇಪ್ಪತ್ತಾರಕ್ಕೆ ಕೂತಿತು. ಸೊನ್ನೆ ಹೊರಗುಳಿಯಿತು.

ಗುರುಶಾಂತಪ್ಪನವರು ಎರಡೆರಡು ಸಲ ಹೇಳಿಸಿಕೊಂಡರು. ಆಮೇಲೆ ಫ್ಯಾನಿನತ್ತ ಕತ್ತೆತ್ತಿ, “ಇರ್ಲಿ ಬಿಡು. ಆ ಕಡಿ ಗ್ವಾಡಿಗೂ ಒಂದು ಹಾಕಸೂಣು,” ಎಂದರು. ದ್ಯಾಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಖಾರ ಹತ್ತಿತು ಎಂದಳು. ಯಾರೂ ನಂಬಲಿಲ್ಲ.

ನೀಲಾ ಓದು ಮುಗಿಸಿ ಹೊಸ ಕೊಳವೆ ಕೊಂಡಳು. ನನ್ನನ್ನು ದ್ಯಾಮವ್ವನಿಗೆ ಕೊಟ್ಟುಹೋದಳು. ಈಗ ನಾನು ಬಾಗಿಲ ಬಳಿಯ ಮೊಳೆಗೆ, ಚಪ್ಪಲಿಗಳ ಮೇಲೆ ತೂಗುತ್ತಿದ್ದೇನೆ. ನನಗೂ ವಯಸ್ಸಾಯಿತು. ಸ್ಪ್ರಿಂಗ್ ಸಡಿಲಾಗಿ, ಇರುವುದಕ್ಕಿಂತ ತುಸು ಹೆಚ್ಚೇ ತೋರಿಸುತ್ತೇನೆ. ನನ್ನ ಅಂಕಿಯನ್ನು ಬೇರೆ ಕೊಳವೆಯ ಅಂಕಿಯೊಂದಿಗೆ ಹೋಲಿಸಬಾರದೆಂದು ನೀಲಾಳೇ ಎಚ್ಚರಿಸಿದ್ದಾಳೆ. ದ್ಯಾಮವ್ವನಿಗೆ ಅದರ ಚಿಂತೆಯಿಲ್ಲ. ನಾನು ಹೆಚ್ಚು ತೋರಿಸುವುದೂ ದಿನಾ ಒಂದೇ ಅಳತೆಯಷ್ಟು. ಸಂಜೆ ಮನೆಗೆ ಹೊರಡುವ ಮುಂಚೆ ಅವಳು ನನ್ನನ್ನು ಊದಿ, ಮುಳ್ಳು ನೋಡಿ ತಲೆಯಾಡಿಸುತ್ತಾಳೆ. ಅವಳಿಗೆ ಬೇಕಿರುವುದು ನಿನ್ನೆಯ ದ್ಯಾಮವ್ವ ಮತ್ತು ಇವತ್ತಿನ ದ್ಯಾಮವ್ವ. ಆ ಜೋಡನ್ನು ನಾನಿನ್ನೂ ತಪ್ಪಿಸಿಲ್ಲ.